ಮುಯ್ಯಿ ಪಟ್ಟಿಯಲ್ಲೊಂದು ಸಿನಿಮಾ

ನಮ್ಮ ತಾತನ ಕಬ್ಬಿಣದ ಪೆಟ್ಟಿಗೆಯಲ್ಲಿ, ಜಮೀನಿನ ಪತ್ರಗಳ ಅಡಿಯಲ್ಲಿ, ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು. ಮನೆಯಲ್ಲಿ ನಡೆದ ಒಂದೊಂದು ಮದುವೆಗೂ ಅದರಲ್ಲಿ ಕೆಲವು ಪುಟಗಳು ಮೀಸಲು. ಎಡಗಡೆ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಊರು; ಬಲಗಡೆ ಮೊತ್ತ. ಎರಡು ರೂಪಾಯಿ, ಐದು ರೂಪಾಯಿ, ಒಂದೆರಡು ಕಡೆ ಹಣದ ಬದಲು ಇಷ್ಟು ಸೇರು ಅಕ್ಕಿ ಎಂದೂ ಇತ್ತು. ತುಮಕೂರು ಸೀಮೆಯ ನಮ್ಮ ಕಡೆ ಇದನ್ನು ಮುಯ್ಯಿ ಪಟ್ಟಿ ಎನ್ನುತ್ತಾರೆ. ಧಾರೆ ಮುಗಿದ ಮೇಲೆ ಚಪ್ಪರದ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತ ಒಬ್ಬರು ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ನೆರೆದವರಿಗೆಲ್ಲ ಕೇಳುವಂತೆ ಓದಿ ಹೇಳುತ್ತಿದ್ದರು. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ಬಿಚ್ಚಿ ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸುವುದು ಪದ್ಧತಿ. ಮುಯ್ಯಿ ದಾನವಲ್ಲ, ಕೊಟ್ಟವನು ಅದನ್ನು ಮರೆಯುವುದಿಲ್ಲ. ಸಾಲವೂ ಅಲ್ಲ, ಏಕೆಂದರೆ ಅದಕ್ಕೆ ಬಡ್ಡಿಯಿಲ್ಲ, ಗಡುವಿಲ್ಲ, ಬಾಯಿಬಿಟ್ಟು ಕೇಳುವ ಹಕ್ಕೂ ಇಲ್ಲ. ಆದರೆ ಮುಯ್ಯಿ ತೀರಿಸದವನ ಹೆಸರು ಊರಿನಲ್ಲಿ ಬಹಳ ಕಾಲ ಉಳಿಯುತ್ತದೆ.

ಆ ಪುಸ್ತಕ ನನಗೆ ಮತ್ತೆ ನೆನಪಾದದ್ದು, ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ತನ್ನ ಮೊದಲ ಸಿನಿಮಾಕ್ಕೆ ಕ್ರೌಡ್‌ಫಂಡಿಂಗ್ ಮೂಲಕ, ಅಂದರೆ ಅಂತರ್ಜಾಲದಲ್ಲಿ ಹಲವು ಜನರಿಂದ, ಹಣ ಕೂಡಿಸಲು ಹೊರಟು, ಲೆಕ್ಕ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದಾಗ. ನಾನು ಬ್ಯಾಂಕ್ ನೌಕರ. ಸಿನಿಮಾ ನೋಡುವ ಚಟವೊಂದನ್ನು ಬಿಟ್ಟರೆ ಆ ಲೋಕದೊಂದಿಗೆ ನನಗೆ ಯಾವ ನಂಟೂ ಇರಲಿಲ್ಲ. ಎರಡು ವರ್ಷ ಆ ಲೆಕ್ಕ ಬರೆದ ಮೇಲೆ, ಜನರಿಂದ ಬರುವ ಈ ಹಣವನ್ನು ಬಂಡವಾಳವೆಂದು ಕರೆದರೂ ತಪ್ಪಾಗುತ್ತದೆ, ದೇಣಿಗೆಯೆಂದು ಕರೆದರೂ ತಪ್ಪಾಗುತ್ತದೆ, ಅದು ಮುಯ್ಯಿಯ ಜಾತಿಗೆ ಸೇರಿದ್ದು ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಹಾಗೆಂದು ತಿಳಿಯದೆ ಅದಕ್ಕೆ ಕೈಚಾಚುವ ನಿರ್ದೇಶಕರು ಮುಂದೆ ಪೇಚಿಗೆ ಸಿಲುಕುತ್ತಾರೆ. ನಾವೂ ಸಿಲುಕಿದೆವು.

ಕನ್ನಡದಲ್ಲಿ ಈ ವಿಷಯ ಮಾತನಾಡುವಾಗ ಎಲ್ಲರೂ ಮೊದಲು ಹೇಳುವುದು ‘ಲೂಸಿಯಾ’ ಚಿತ್ರದ ಕಥೆಯನ್ನು. ನಾನೂ ಅದನ್ನೇ ಹೇಳಬೇಕಾಗಿದೆ, ಏಕೆಂದರೆ ನನ್ನ ಗೆಳೆಯನ ತಲೆಗೆ ಹುಳ ಬಿಟ್ಟದ್ದೂ ಅದೇ. ಅದರ ನಿರ್ದೇಶಕ ಪವನ್ ಕುಮಾರ್ ಅವರು ಅದಕ್ಕೆ ಮೊದಲು ಯೋಗರಾಜ್ ಭಟ್ಟರ ಚಿತ್ರಗಳಿಗೆ ಬರವಣಿಗೆಯಲ್ಲಿ ದುಡಿದವರು, 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದವರು. ಅಂದರೆ ಗಾಂಧಿನಗರಕ್ಕೆ ಅವರು ಅಪರಿಚಿತರೇನೂ ಆಗಿರಲಿಲ್ಲ. ಆದರೂ ಕನಸು ಮತ್ತು ಎಚ್ಚರಗಳ ನಡುವೆ ಅಡ್ಡಾಡುವ, ದೊಡ್ಡ ನಾಯಕನಟನಿಲ್ಲದ ಚಿತ್ರಕಥೆಗೆ ನಿರ್ಮಾಪಕರು ಸಿಗಲಿಲ್ಲ. ಬೇಸತ್ತು ಅವರು ತಮ್ಮ ಬ್ಲಾಗಿನಲ್ಲಿ ಉದ್ಯಮದ ರೀತಿನೀತಿಗಳ ಬಗ್ಗೆ ಕಟುವಾಗಿ ಬರೆದರು. ಓದಿದವರಲ್ಲಿ ಹಲವರು ತಾವೇ ಹಣ ಹಾಕುತ್ತೇವೆಂದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಸೇರಿತು. ನಿರ್ಮಾಣ ಸಂಸ್ಥೆಗೆ ಆಡಿಯನ್ಸ್ ಫಿಲ್ಮ್ಸ್ ಎಂದು ಹೆಸರಿಟ್ಟರು. ಹೆಗ್ಗೋಡಿನ ನೀನಾಸಂನಲ್ಲಿ ಕಲಿತು ಬಂದ ಸತೀಶ್ ನಾಯಕರಾದರು, ಶ್ರುತಿ ಹರಿಹರನ್ ನಾಯಕಿ, ಪೂರ್ಣಚಂದ್ರ ತೇಜಸ್ವಿ ಸಂಗೀತ ನಿರ್ದೇಶಕರು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದ ಚಿತ್ರ, ಅದೇ ವರ್ಷದ ಸೆಪ್ಟೆಂಬರ್ 6ರಂದು ಇಲ್ಲಿ ತೆರೆ ಕಂಡಿತು. ಮುಂದೆ ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಎಂದು ಮತ್ತೆ ತಯಾರಾಯಿತು.

ಈ ಕಥೆಯಲ್ಲಿ ಎಲ್ಲರೂ ನೆನಪಿಟ್ಟುಕೊಂಡಿರುವುದು 50 ಲಕ್ಷ ಮತ್ತು 27 ದಿನ ಎಂಬ ಎರಡು ಅಂಕಿಗಳನ್ನು. ನನಗೆ ಮುಖ್ಯವೆನಿಸುವುದು 110 ಎಂಬ ಮೂರನೆಯದು. ಭಾಗಿಸಿ ನೋಡಿದರೆ ತಲೆಗೆ ಸರಾಸರಿ 45 ಸಾವಿರ ರೂಪಾಯಿಯಾಗುತ್ತದೆ. 2012ರ ಸುಮಾರಿಗೆ ಅದು ಸಣ್ಣ ಮೊತ್ತವಲ್ಲ. ಟಿಕೆಟ್ ಕೊಂಡಂತೆ ಎಂದುಕೊಂಡು ಕೊಡುವ ಹಣವಂತೂ ಅಲ್ಲ. ಕೊಟ್ಟವರು ಲಾಭ ಬಂದರೆ ಪಾಲುದಾರರಾಗುವ ಹೂಡಿಕೆದಾರರೇ ಹೊರತು ದಾನಿಗಳಲ್ಲ. ನಿರ್ದೇಶಕನ ಹಿಂದಿನ ಕೆಲಸ ನೋಡಿದ್ದವರು, ಅವನ ಬರಹ ಓದಿದ್ದವರು, ಒಂದು ಪುಟ್ಟ ಊರಿನಷ್ಟು ಜನ. ಕ್ರೌಡ್ ಎಂಬ ಮಾತು ಕೇಳಿ ನಾವು ಸಂತೆಯನ್ನು ಕಲ್ಪಿಸಿಕೊಂಡೆವು, ಅಲ್ಲಿ ಇದ್ದದ್ದು ಒಂದು ದೊಡ್ಡ ಮದುವೆಯ ಚಪ್ಪರ.

ನಿಜವಾದ ಸಂತೆಯ ಲೆಕ್ಕ ಬೇಕೆಂದರೆ ಗುಜರಾತಿಗೆ ಹೋಗಬೇಕು. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟರು. ಹತ್ತು ಲಕ್ಷದಲ್ಲಿ ಶ್ಯಾಮ್ ಬೆನಗಲ್ ಚಿತ್ರ ಮಾಡಿದರು. ಹಿಂದೆ ನಿಂತವರು ಅಮುಲ್ ಸಹಕಾರ ಚಳವಳಿಯ ರೂವಾರಿ ವರ್ಗೀಸ್ ಕುರಿಯನ್. ನಮಗೆ ಆ ಚಿತ್ರದ ಮೇಲೆ ಸ್ವಲ್ಪ ಹೆಚ್ಚಿನ ಅಕ್ಕರೆಯಿದ್ದರೆ ಅದಕ್ಕೆ ಕಾರಣವೂ ಇದೆ: ಹಾಲಿನ ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯ ಡಾಕ್ಟರ್ ರಾವ್ ಆಗಿ ನಟಿಸಿದವರು ಗಿರೀಶ್ ಕಾರ್ನಾಡ್, ಅವರ ತಂಡದ ಒಬ್ಬನಾಗಿ ಬರುವವರು ಅನಂತನಾಗ್. ಶೀರ್ಷಿಕೆಗಳಲ್ಲಿ ಚಿತ್ರವನ್ನು ಅರ್ಪಿಸುವವರು ಗುಜರಾತಿನ ಐದು ಲಕ್ಷ ರೈತರೆಂದೇ ಇದೆ. ಬಿಡುಗಡೆಯಾದಾಗ ಆ ರೈತರು ಹಳ್ಳಿಗಳಿಂದ ಲಾರಿಗಳಲ್ಲಿ ಬಂದು ತಮ್ಮ ಚಿತ್ರವನ್ನು ತಾವೇ ನೋಡಿದರು. ರಾಷ್ಟ್ರಪ್ರಶಸ್ತಿ ಬಂತು; ಆಸ್ಕರ್‌ಗೆ ಭಾರತದ ಆಯ್ಕೆಯೂ ಆಯಿತು; ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸರಿಪಡಿಸಿದ ಪ್ರತಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಇದನ್ನು ಜಗತ್ತಿನ ಅತಿ ದೊಡ್ಡ ವಂತಿಗೆಯ ಸಿನಿಮಾ ಎಂದು ಕೊಂಡಾಡುವಾಗ ನನ್ನ ಮನಸ್ಸಿನಲ್ಲಿ ಬ್ಯಾಂಕ್ ನೌಕರನ ಒಂದು ಅನುಮಾನ ಏಳುತ್ತದೆ. ಹಾಲು ಹಾಕಿದವರ ಬಟವಾಡೆಯಿಂದ ಸಂಘ ಎರಡು ರೂಪಾಯಿ ಹಿಡಿದುಕೊಂಡರೆ ಅದು ವಂತಿಗೆಯೋ ಕಡಿತವೋ? ನನ್ನ ಮಟ್ಟಿಗೆ ಉತ್ತರ ಆ ಲಾರಿಗಳಲ್ಲಿದೆ. ಕೇವಲ ಕಡಿತವಾಗಿದ್ದರೆ ಜನ ಹಾಗೆ ಹೊರಟು ಬರುತ್ತಿರಲಿಲ್ಲ. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಣ ಕೂಡಿಸುವ ವ್ಯವಸ್ಥೆಯನ್ನು ಸಿನಿಮಾಕ್ಕಾಗಿ ಕಟ್ಟಿದ್ದಲ್ಲ. ಬೆಳಿಗ್ಗೆ ಸಂಜೆ ಹಾಲು ಅಳೆದು, ಲೆಕ್ಕ ಬರೆದು, ತಪ್ಪದೆ ಹಣ ಕೊಟ್ಟ ಸಂಘಗಳ ಮೂವತ್ತು ವರ್ಷಗಳ ನಂಬಿಕೆ ಅಲ್ಲಿ ಮೊದಲೇ ಇತ್ತು. ಸಿನಿಮಾ ಅದರ ಮೇಲೆ ಬಂದು ಕುಳಿತಿತು. ಎರಡು ರೂಪಾಯಿ ದೊರಕಿದ್ದು ಬೆನಗಲ್ ಅವರ ಹೆಸರಿಗಲ್ಲ, ಆ ಲೆಕ್ಕದ ಪುಸ್ತಕಕ್ಕೆ. ಚಿತ್ರದ ಕಥೆಯೂ ಆ ಪುಸ್ತಕದ ಕಥೆಯೇ ಆದ್ದರಿಂದ, ಮುಂದೆ ಬೇರೆ ಹಳ್ಳಿಗಳಲ್ಲಿ ಸಂಘ ಕಟ್ಟುವಾಗ ಅದನ್ನೇ ತೋರಿಸಿದರು. ಕೊಟ್ಟವರಿಗೆ ಅದಕ್ಕಿಂತ ಚೆನ್ನಾಗಿ ಮುಯ್ಯಿ ತೀರಿಸಲು ಸಾಧ್ಯವಿಲ್ಲ.

ಕೇರಳದ ನಿರ್ದೇಶಕ ಜಾನ್ ಅಬ್ರಹಾಂ ಅವರ ಹಿಂದೆ ಅಂಥ ಸಂಸ್ಥೆ ಇರಲಿಲ್ಲ. ಹಾಗಾಗಿ ಅವರು ಮತ್ತು ಗೆಳೆಯರು ಒಡೆಸ್ಸಾ ಎಂಬ ಕೂಟವನ್ನು ತಾವೇ ಕಟ್ಟಿಕೊಂಡು, ಊರೂರು ಸುತ್ತಿ, ಡೋಲು ಬಡಿದು ಜನ ಸೇರಿಸಿ, ಚಾಪ್ಲಿನ್ ಚಿತ್ರ ತೋರಿಸಿ, ವಂತಿಗೆ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿದರು. ನಂತರ ಅದನ್ನು ಚಿತ್ರಮಂದಿರಗಳಿಗೆ ಕೊಡುವ ಬದಲು, ಯಾವ ದಾರಿಯಲ್ಲಿ ಹಣ ಬಂದಿತ್ತೋ ಅದೇ ದಾರಿಯಲ್ಲಿ ಚಿತ್ರವನ್ನು ಹಿಂದಕ್ಕೆ ಕೊಂಡೊಯ್ದು ಊರೂರುಗಳಲ್ಲಿ ತೋರಿಸಿದರು. ಮರುವರ್ಷವೇ ಜಾನ್ ತೀರಿಕೊಂಡರು. ಅಷ್ಟು ಕಷ್ಟದ ಹಾದಿಯನ್ನು ಅವರ ಜೊತೆಗಿಲ್ಲದವರು ಅದೇ ಹುಮ್ಮಸ್ಸಿನಿಂದ ಮತ್ತೆ ತುಳಿಯಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಇದಕ್ಕೂ ಬಹಳ ಮೊದಲು, 1957ರಲ್ಲಿ, ನಟ, ನಿರ್ದೇಶಕ ಜಾನ್ ಕ್ಯಾಸವೆಟಿಸ್ ರಾತ್ರಿಯ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಕುಳಿತು, ಸಾಮಾನ್ಯ ಜನರ ಕುರಿತ ಸಿನಿಮಾ ಬೇಕಿದ್ದರೆ ಸಾಮಾನ್ಯ ಜನರೇ ಹಣ ಕಳಿಸಿ ಎಂಬರ್ಥದಲ್ಲಿ ಮಾತನಾಡಿದರು. ಕೇಳುಗರು ಡಾಲರ್ ನೋಟುಗಳನ್ನು ಕಳಿಸಿದರು. ಅವರ ‘ಶ್ಯಾಡೋಸ್’ ಚಿತ್ರ ಆರಂಭವಾದದ್ದು ಹಾಗೆ. ಅಂತರ್ಜಾಲ ಇದಾವುದನ್ನೂ ಕಂಡುಹಿಡಿಯಲಿಲ್ಲ. ಡೋಲು ಬಡಿಯುವ ಶ್ರಮವನ್ನು ಮಾತ್ರ ಕಡಿಮೆ ಮಾಡಿತು, ಅಥವಾ ಕಡಿಮೆ ಮಾಡಿತೆಂದು ನಾವು ಭಾವಿಸಿದೆವು.

ಕರಾವಳಿಯ ಓದುಗರು ಇಲ್ಲಿ ಹರಕೆಯಾಟವನ್ನು ನೆನೆಯಬಹುದು. ಒಬ್ಬರು ಹರಕೆ ಹೊತ್ತು ಮೇಳದ ಇಡೀ ರಾತ್ರಿಯ ಖರ್ಚು ವಹಿಸುತ್ತಾರೆ, ಊರವರೆಲ್ಲ ಬಿಟ್ಟಿಯಾಗಿ ಯಕ್ಷಗಾನ ನೋಡುತ್ತಾರೆ. ಅಂಥ ಆಟಕ್ಕೆ ವರ್ಷಗಟ್ಟಲೆ ಮುಂಚಿತವಾಗಿ ದಿನ ಕಾದಿರಿಸುವವರಿದ್ದಾರೆ. ಚೆಂದದ ಏರ್ಪಾಡು. ಆದರೆ ಅಲ್ಲಿ ಯಜಮಾನ ಒಬ್ಬನೇ. ನಮ್ಮ ಸಿನಿಮಾಗಳಲ್ಲಿ ಹಲವು ಈಗಲೂ ನಡೆಯುವುದು ಹರಕೆಯಾಟದಂತೆಯೇ: ಜಮೀನು ಮಾರಿದವರೋ ಕಟ್ಟಡ ಕಟ್ಟಿದವರೋ ಒಬ್ಬರು ಆಸೆಪಟ್ಟು ಹಣ ಹಾಕುತ್ತಾರೆ, ಕೈಸುಟ್ಟುಕೊಂಡು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಸರ್ಕಾರದ ಸಹಾಯಧನವಿದೆಯಲ್ಲ ಎಂದರೆ, ಅದು ಸಿಗುವುದು ಮುಗಿದ ಚಿತ್ರಕ್ಕೆ, ಅದೂ ಆಯ್ಕೆಯಾದರೆ. ಚಿತ್ರೀಕರಣದ ದಿನ ಜನರೇಟರಿಗೆ ಡೀಸೆಲ್ ಹಾಕಿಸಲು ಅದು ಒದಗದು.

ನಮ್ಮ ಪ್ರಯತ್ನಕ್ಕೆ ಬರುತ್ತೇನೆ. ಗುರಿ ಎಂಟು ಲಕ್ಷ, ಅವಧಿ ಅರವತ್ತು ದಿನ. ಗೆಳೆಯ ಮೂರು ನಿಮಿಷಗಳ ವಿಡಿಯೊ ಮಾಡಿ, ಮಲೆನಾಡಿನ ಒಂದು ಹಳ್ಳಿಯ ಅಂಚೆಯವನ ಕಥೆಯನ್ನು ಕ್ಯಾಮೆರಾದ ಎದುರು ಹೇಳಿದ. ಐನೂರು ಕೊಟ್ಟವರಿಗೆ ಕೊನೆಯ ಶೀರ್ಷಿಕೆಗಳಲ್ಲಿ ಹೆಸರು, ಎರಡು ಸಾವಿರಕ್ಕೆ ಹೆಸರಿನ ಜೊತೆ ಟೀ ಶರ್ಟ್, ಹತ್ತು ಸಾವಿರಕ್ಕೆ ಚಿತ್ರೀಕರಣದ ಸ್ಥಳದಲ್ಲಿ ಒಂದು ದಿನದ ಆತಿಥ್ಯ. ಮೊದಲ ವಾರ ಎರಡೂವರೆ ಲಕ್ಷ ಬಂದಾಗ ನಾವು ಜಗತ್ತನ್ನೇ ಗೆದ್ದಂತೆ ಬೀಗಿದೆವು. ಪಟ್ಟಿ ತೆಗೆದು ನೋಡಿದರೆ ಅದರಲ್ಲಿದ್ದವರೆಲ್ಲ ನಮ್ಮ ಅಣ್ಣ ತಮ್ಮಂದಿರು, ಕಾಲೇಜಿನ ಸಹಪಾಠಿಗಳು, ನನ್ನ ಶಾಖೆಯ ಸಹೋದ್ಯೋಗಿಗಳು. ಆಮೇಲೆ ಆರು ವಾರ ಏನೂ ಅಲುಗಲಿಲ್ಲ. ದಿನಕ್ಕೆ ಒಬ್ಬರು, ಕೆಲವು ದಿನ ಅದೂ ಇಲ್ಲ. ಗೆಳೆಯ ರಾತ್ರಿ ಎರಡು ಗಂಟೆಗೆ ಎದ್ದು ಫೋನಿನಲ್ಲಿ ಮೊತ್ತ ನೋಡುತ್ತಿದ್ದ. ಚಿತ್ರಕಥೆಯನ್ನು ತಿದ್ದಬೇಕಾಗಿದ್ದ ಕಾಲವೆಲ್ಲ ಪರಿಚಿತರಿಗೆ ಸಂದೇಶ ಕಳಿಸುವುದರಲ್ಲಿ ಕಳೆಯಿತು. ಕೊನೆಯ ಐದು ದಿನಗಳಲ್ಲಿ, ಗುರಿ ಮುಟ್ಟದಿದ್ದರೆ ಬಂದ ಹಣವೂ ಹಿಂದಕ್ಕೆ ಹೋಗುತ್ತದೆಂಬ ನಿಯಮದ ಭಯಕ್ಕೆ, ಕೊಟ್ಟವರೇ ಮತ್ತೆ ಕೊಟ್ಟು, ಮೊತ್ತ 8,12,500 ರೂಪಾಯಿಗೆ ಬಂದು ನಿಂತಿತು.

ಕೊಟ್ಟವರು ಒಟ್ಟು 263 ಮಂದಿ. ನಾನು ಬಿಡುವಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆಯೂ ಗುರುತು ಹಾಕಿದೆ. 171 ಮಂದಿ ನಮ್ಮಲ್ಲಿ ಯಾರಾದರೊಬ್ಬರಿಗೆ ನೇರವಾಗಿ ಗೊತ್ತಿದ್ದವರು, 62 ಮಂದಿ ಅವರಿಗೆ ಗೊತ್ತಿದ್ದವರು, ಯಾರಿಗೂ ಗೊತ್ತಿಲ್ಲದವರು ಬರೀ ಮೂವತ್ತು. ಜನಸಾಗರದಿಂದ ಹಣ ಬರುತ್ತದೆಂದು ನಂಬಿ ಇಳಿದಿದ್ದ ನಮಗೆ ಸಿಕ್ಕಿದ್ದು ನಮ್ಮದೇ ನೆಂಟರಿಷ್ಟರ ಪಟ್ಟಿ. ಅವರಲ್ಲಿ ಎಷ್ಟೋ ಜನರಿಗೆ ಅಂಚೆಯವನ ಕಥೆ ಏನೆಂದೂ ಗೊತ್ತಿರಲಿಲ್ಲ, ಗೆಳೆಯನ ತಂಗಿಯ ಮದುವೆಯಲ್ಲಿ ಅವನ ಅಪ್ಪ ತೋರಿದ ಆದರ ನೆನಪಿತ್ತು. ಇದನ್ನು ದೂರಿನಂತೆ ಹೇಳುತ್ತಿಲ್ಲ. ಮುಯ್ಯಿ ಕೆಲಸ ಮಾಡುವುದೇ ಹೀಗೆ. ಆದರೆ ಈ ಪಟ್ಟಿಯನ್ನು ಬಾಳಿನಲ್ಲಿ ಒಮ್ಮೆ ಬಿಚ್ಚಬಹುದು. ಎರಡನೆಯ ಸಿನಿಮಾಕ್ಕೂ ಅದನ್ನೇ ಹಿಡಿದು ಹೊರಟರೆ ಫೋನ್ ಎತ್ತುವವರು ಕಡಿಮೆಯಾಗುತ್ತಾರೆ.

ಇನ್ನು ಮೊತ್ತ. ನಾವು ಹಣ ಕೂಡಿಸಿದ ಕ್ರೌಡ್‌ಫಂಡಿಂಗ್ ಜಾಲತಾಣದ ಶುಲ್ಕ, ಶುಲ್ಕದ ಮೇಲಿನ ತೆರಿಗೆ, ಹಣ ಪಾವತಿಯ ಶುಲ್ಕ ಎಲ್ಲ ಸೇರಿ 1,15,000 ಹೋಯಿತು. ಟೀ ಶರ್ಟು ಹೊಲಿಸಿ, ಅಚ್ಚು ಹಾಕಿಸಿ, ಕೊರಿಯರ್‌ನಲ್ಲಿ ಕಳಿಸುವುದಕ್ಕೆ 43,000. ಗಾತ್ರ ತಪ್ಪಿದವರಿಗೆ ಎರಡನೆಯ ಬಾರಿ ಕಳಿಸಿದ್ದೂ ಇದರಲ್ಲಿ ಸೇರಿದೆ. ಕೇಳಿದ್ದು ಎಂಟು, ಕೈಗೆ ಬಂದದ್ದು ಆರೂವರೆ ಲಕ್ಷ. ಈ ಖರ್ಚುಗಳನ್ನು ಗುರಿಯೊಳಗೆ ಮೊದಲೇ ಸೇರಿಸಬೇಕೆಂಬ ಸಾಮಾನ್ಯ ತಿಳಿವಳಿಕೆ, ದಿನವಿಡೀ ಇನ್ನೊಬ್ಬರ ಸಾಲದ ಅರ್ಜಿ ನೋಡುವ ನನಗೇ ಇರಲಿಲ್ಲ. ಹದಿನೇಳು ದಿನದ ಚಿತ್ರೀಕರಣದಲ್ಲಿ ಅತಿ ಹೆಚ್ಚು ಹಣ ನುಂಗಿದ್ದು ಕ್ಯಾಮೆರಾ ಬಾಡಿಗೆಯಲ್ಲ, ಮೂವತ್ತು ಜನರ ಊಟ ತಿಂಡಿ ಮತ್ತು ವಾಸ. ಧ್ವನಿ ಮಿಶ್ರಣದ ಹೊತ್ತಿಗೆ ಬೊಕ್ಕಸ ಬರಿದಾಗಿ, ಗೆಳೆಯ ತನ್ನ ಬೈಕನ್ನು ಮಾರಿದ.

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಅವನ ಚಿಕ್ಕಪ್ಪನ ಮಗ ದೊಡ್ಡ ಮೊತ್ತವನ್ನೇ ಕೊಡಲು ಮುಂದೆ ಬಂದಿದ್ದರು. ಅವರು ಅಷ್ಟರಲ್ಲಿ ಅಲ್ಲಿನ ಪೌರತ್ವ ಪಡೆದಿದ್ದರು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯಿಂದ ಹಣ ಪಡೆಯಲು ಅಡ್ಡಿಯಿಲ್ಲ. ಆದರೆ ನೆಂಟನೇ ಆದರೂ ವಿದೇಶಿ ಪ್ರಜೆಯಾದವನಿಂದ ಇಂಥ ಕೆಲಸಕ್ಕೆ ದೇಣಿಗೆ ಎಂದು ಸ್ವೀಕರಿಸುವಾಗ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಶ್ನೆ ಏಳುತ್ತದೆ. ಬೇಡವೆಂದೆ. ಗೆಳೆಯ ಒಂದು ವಾರ ನನ್ನೊಡನೆ ಮಾತು ಬಿಟ್ಟ. ಹೊರನಾಡ ಕನ್ನಡಿಗರು ಮನಸ್ಸು ಮಾಡಿದರೆ ಕನ್ನಡ ಸಿನಿಮಾದ ಹಣೆಬರಹವೇ ಬದಲಾಗುತ್ತದೆ ಎಂದು ವೇದಿಕೆಗಳಲ್ಲಿ ಹೇಳುವವರು, ಮನಸ್ಸು ಮಾಡಿದವರ ಹಣ ಯಾವ ಬಾಗಿಲಿನಿಂದ ಒಳಗೆ ಬರಬೇಕೆಂಬುದನ್ನೂ ಹೇಳಿದರೆ ಉಪಕಾರವಾದೀತು.

ಕಾನೂನಿನ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಹಣ ಕೊಟ್ಟವರಿಗೆ ಲಾಭದಲ್ಲಿ ಪಾಲು ಕೊಡುತ್ತೇನೆಂದು ಸಾರ್ವಜನಿಕವಾಗಿ ಸಾರಿ ಹೇಳಿದ ಕ್ಷಣವೇ ಅದು ಹೂಡಿಕೆಯಾಗುತ್ತದೆ. 2013ರ ಕಂಪನಿ ಕಾಯ್ದೆಯ 42ನೆಯ ಸೆಕ್ಷನ್ ಮತ್ತು ಅದರ ನಿಯಮಗಳ ಪ್ರಕಾರ ಖಾಸಗಿಯಾಗಿ ಷೇರು ನೀಡುವ ಕಂಪನಿ ಒಂದು ಆರ್ಥಿಕ ವರ್ಷದಲ್ಲಿ 200ಕ್ಕಿಂತ ಹೆಚ್ಚು ಸಾಮಾನ್ಯ ಹೂಡಿಕೆದಾರರನ್ನು ಆಹ್ವಾನಿಸುವಂತಿಲ್ಲ, ಜಾಹೀರಾತನ್ನೂ ಕೊಡುವಂತಿಲ್ಲ. ನಮ್ಮ 263ರ ಪಟ್ಟಿ ಅಲ್ಲಿಯೇ ಗೆರೆ ದಾಟುತ್ತಿತ್ತು. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2014ರ ಜೂನ್‌ನಲ್ಲಿ ಕ್ರೌಡ್‌ಫಂಡಿಂಗ್ ಕುರಿತು ಚರ್ಚಾಪತ್ರವೊಂದನ್ನು ಹೊರಡಿಸಿ ಅಭಿಪ್ರಾಯ ಕೇಳಿತು; ಆ ಪತ್ರ ಸಾಮಾನ್ಯ ಜನರ ಹೂಡಿಕೆಗೆ ನಿಯಮಾವಳಿಯಾಗಿ ಬೆಳೆಯಲಿಲ್ಲ. 2016ರಲ್ಲಿ ಅದೇ ಸೆಬಿ ಅನುಮತಿಯಿಲ್ಲದ ಜಾಲತಾಣಗಳ ಮೂಲಕ ಬಂಡವಾಳ ಕೂಡಿಸುವುದರ ವಿರುದ್ಧ ಎಚ್ಚರಿಕೆ ಕೊಟ್ಟಿತು. ಅಮೆರಿಕದಲ್ಲಿ 2012ರ ಜಾಬ್ಸ್ ಕಾಯ್ದೆಯ ಅಡಿಯಲ್ಲಿ 2016ರ ಮೇ ತಿಂಗಳಿನಿಂದ ಮಿತಿಯೊಳಗೆ ಅಂಥ ಹೂಡಿಕೆಗೆ ದಾರಿಯಾಗಿದೆ. ಇಲ್ಲಿ ಉಳಿದದ್ದು, ಪಾಲಿನ ಮಾತೆತ್ತದೆ ಟೀ ಶರ್ಟಿನ ಮಾತಾಡುವ ದಾರಿಯೊಂದೇ. ಚೀಟಿ ಕಂಪನಿಗಳಲ್ಲಿ ಮುಳುಗಿದವರನ್ನು ಬ್ಯಾಂಕಿನ ಕಿಟಕಿಯಿಂದ ಕಂಡಿರುವ ನಾನು ಈ ಬಿಗಿಯನ್ನು ಪೂರ್ತಿ ಹಳಿಯಲಾರೆ. ಆದರೆ ಫಲ ಏನಾಗಿದೆಯೆಂದರೆ, ಲಾಭ ಬಂದರೂ ಕೊಟ್ಟವರಿಗೆ ಹಂಚಲಾಗದ, ನಷ್ಟವಾದರೂ ಕೇಳುವವರಿಲ್ಲದ ಹಣ ನಿರ್ದೇಶಕನ ಕೈಗೆ ಬರುತ್ತದೆ. ಕಾನೂನಿಗೆ ಗೊತ್ತಿರುವುದು ದಾನ ಮತ್ತು ಹೂಡಿಕೆ ಎರಡೇ. ಮುಯ್ಯಿಗೆ ಅಲ್ಲಿ ಕಲಮಿಲ್ಲ.

ಹೊರಗಿನ ಉದಾಹರಣೆಗಳು ಕೂಡ ಈ ಸಂದಿಗ್ಧವನ್ನು ಬೇರೆ ಬೇರೆ ಕೋನದಿಂದ ತೋರಿಸುತ್ತವೆ. 2013ರಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ‘ವೆರೋನಿಕಾ ಮಾರ್ಸ್’ ಎಂಬ ನಿಂತುಹೋಗಿದ್ದ ಟಿವಿ ಸರಣಿಯನ್ನು ಸಿನಿಮಾ ಮಾಡಲು 91,585 ಮಂದಿ 57 ಲಕ್ಷ ಡಾಲರ್ ಕೊಟ್ಟರು. ಹಕ್ಕು ಇದ್ದದ್ದು ವಾರ್ನರ್ ಬ್ರದರ್ಸ್ ಎಂಬ ದೈತ್ಯ ಸಂಸ್ಥೆಯ ಬಳಿ. ಅಭಿಮಾನಿಗಳು ಕೊಟ್ಟ ಹಣದಿಂದ ಆದ ಚಿತ್ರದ ಒಡೆತನ ಆ ಸಂಸ್ಥೆಯದೇ. ಸ್ವತಂತ್ರ ಸಿನಿಮಾಕ್ಕಾಗಿ ಹುಟ್ಟಿದ ದಾರಿಯಲ್ಲಿ ದೊಡ್ಡವರ ಮೆರವಣಿಗೆ ಹೋದದ್ದು ಹಾಗೆ. ನನ್ನ ಮಟ್ಟಿಗೆ ಅದು ಶ್ರೀಮಂತರ ಮನೆಯ ಮದುವೆಗೆ ಬಡವರಿಂದ ಮುಯ್ಯಿ ಓದಿಸಿದಂತೆ. ಹಿಂದಿಯ ನಿರ್ದೇಶಕ ಓನಿರ್ ಅವರ ‘ಐ ಆ್ಯಮ್’ ಇದಕ್ಕೆ ವಿರುದ್ಧ ತುದಿಯಲ್ಲಿದೆ. ಯಾರೂ ಹಣ ಹಾಕಲೊಪ್ಪದ ವಸ್ತುಗಳ ನಾಲ್ಕು ಕಥೆಗಳಿಗೆ ಅವರು ಫೇಸ್‌ಬುಕ್ ಮೂಲಕ ನೂರಾರು ಮಂದಿಯನ್ನು ಸೇರಿಸಿ, 2011ರಲ್ಲಿ ಬಿಡುಗಡೆ ಮಾಡಿ, ಅತ್ಯುತ್ತಮ ಹಿಂದಿ ಚಿತ್ರದ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು.

ನಮ್ಮದೇ ಗೋವಿನ ಹಾಡನ್ನು ಆಧರಿಸಿದ ‘ಪುಣ್ಯಕೋಟಿ’ಯ ಕಥೆಯನ್ನೂ ಹೇಳಬೇಕು. ಬೆಂಗಳೂರಿನಲ್ಲಿ ತಂತ್ರಾಂಶ ಉದ್ಯೋಗದಲ್ಲಿದ್ದ ರವಿಶಂಕರ್ ಅವರು ಅದನ್ನು ಸಂಸ್ಕೃತ ಭಾಷೆಯ ಆನಿಮೇಷನ್ ಚಿತ್ರವಾಗಿ ಮಾಡಲು ಹೊರಟು, 2015ರಲ್ಲಿ ವಿಶ್‌ಬೆರಿ ತಾಣದ ಮೂಲಕ ಜನರಿಂದ ಹಣ ಕೂಡಿಸಿದರು. ಇಳಯರಾಜಾ ಸಂಗೀತ ಕೊಟ್ಟರು. ಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು 2020ರಲ್ಲಿ. ಕೊಟ್ಟ ಮಾತಿಗೆ ತಪ್ಪದ ಹಸುವಿನ ಕಥೆಗೆ ಹಣ ಕೊಟ್ಟವರು ಐದು ವರ್ಷ ಕಾದರು, ಚಿತ್ರ ಬಂದೂ ಬಂತು. ಇದರಲ್ಲಿರುವ ಔಚಿತ್ಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಗಮನ ಇರುವುದು ಆ ಐದು ವರ್ಷಗಳ ಮೇಲೆ. ಬ್ಯಾಂಕಿನಲ್ಲಾದರೆ ಅಷ್ಟು ಹೊತ್ತಿಗೆ ಎಷ್ಟು ನೋಟಿಸುಗಳು ಹೋಗಿರುತ್ತಿದ್ದವು!

ನಮ್ಮ 263ರಲ್ಲಿ ನೋಟಿಸು ಕಳಿಸಿದವರು ಯಾರೂ ಇಲ್ಲ. ಆದರೆ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರಿದ್ದರು, ಯಾರಿಗೂ ಗೊತ್ತಿಲ್ಲದ ಆ ಮೂವತ್ತರಲ್ಲಿ ಒಬ್ಬರು. ಅಂಚೆಯವನ ಕಥೆಯೆಂದು ಪತ್ರಿಕೆಯ ಮೂಲೆಯಲ್ಲಿ ಓದಿ, ಮೊಮ್ಮಗನ ಕೈಯಲ್ಲಿ ಐನೂರು ರೂಪಾಯಿ ಹಾಕಿಸಿದ್ದರು. ಅವರ ತಂದೆ ಅಂಚೆಯವರಾಗಿದ್ದರಂತೆ. ಲೆಕ್ಕದ ವಿಚಾರಣೆಗೆಂದು ಕೊಟ್ಟಿದ್ದ ನನ್ನ ನಂಬರಿಗೆ ಎರಡು ಮೂರು ತಿಂಗಳಿಗೊಮ್ಮೆ ಅವರ ಫೋನ್ ಬರುತ್ತಿತ್ತು.

“ಏನಪ್ಪಾ, ನಮ್ಮ ಸಿನಿಮಾ ಎಲ್ಲಿಗೆ ಬಂತು?”

“ಎಡಿಟಿಂಗ್ ನಡೀತಾ ಇದೆ ಮೇಡಂ.”

“ಹೋದ ಸಲಾನೂ ಅದನ್ನೇ ಹೇಳಿದ್ರಿ. ಇರಲಿ, ಚೆನ್ನಾಗಿ ಮಾಡಿ.”

ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ, ಆದ್ದರಿಂದಲೇ ನನಗೆ ಆ ಫೋನ್ ಎತ್ತಲು ಹೆದರಿಕೆಯಾಗುತ್ತಿತ್ತು. ಐವತ್ತು ಸಾವಿರ ಕೊಟ್ಟ ನೆಂಟರು ಒಂದು ದಿನವೂ ಕೇಳಲಿಲ್ಲ. ಅವರ ಪಾಲಿಗೆ ಅದು ಕೊಟ್ಟು ಮುಗಿದ ಹಣ. ಐನೂರು ಕೊಟ್ಟ ಇವರಿಗೆ ಅದು ‘ನಮ್ಮ ಸಿನಿಮಾ’. ಗೆಳೆಯನಿಗೆ ಇದನ್ನು ಹೇಳಿ, ಪ್ರತಿ ತಿಂಗಳು ಎಲ್ಲರಿಗೂ ಒಂದು ಪುಟದ ಪತ್ರ ಬರೆ, ಖರ್ಚಿನ ಪಟ್ಟಿಯನ್ನೂ ಅದರ ಜೊತೆ ಇಡು ಎಂದು ಒತ್ತಾಯಿಸಿದೆ. ಮೊದಮೊದಲು ಅವನು ಬೇಸರಪಟ್ಟ. ನಿರ್ಮಾಪಕನ ಕಾಟ ಬೇಡವೆಂದು ಜನರ ಬಳಿಗೆ ಹೋದರೆ 263 ನಿರ್ಮಾಪಕರಾದರಲ್ಲ ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಸ್ವತಂತ್ರ ಸಿನಿಮಾದ ಸ್ವಾತಂತ್ರ್ಯ ಎಂದರೆ ಯಾರಿಗೂ ಲೆಕ್ಕ ಒಪ್ಪಿಸದೆ ಇರುವುದು ಎಂದು ಅವನು ತಿಳಿದಿದ್ದ, ನಾನೂ ಹಾಗೆಯೇ ತಿಳಿದಿದ್ದೆ. ಕಥೆಯಲ್ಲಿ ಹಾಡು ಸೇರಿಸಿ ಎಂದು ಈ 263ರಲ್ಲಿ ಯಾರೂ ಹೇಳಲಿಲ್ಲ, ಅದು ನಿಜ. ಮುಗಿಸಿ ತೋರಿಸು ಎಂದು ಮಾತ್ರ ಹೇಳಿದರು. ಈ ಎರಡನೆಯದರ ತೂಕವನ್ನು ನಾವು ಊಹಿಸಿರಲಿಲ್ಲ.

ತೋರಿಸುವುದು ಎಂಬ ಮಾತು ಬಂದಾಗ ಜನರ ಹಣದ ನಿಜವಾದ ಮಿತಿ ಕಾಣುತ್ತದೆ. ನಮ್ಮಲ್ಲಿ ಏಕಪರದೆಯ ಚಿತ್ರಮಂದಿರಗಳು ಬಹುಮಟ್ಟಿಗೆ ವಾರದ ಬಾಡಿಗೆಯ ಮೇಲೆ ನಡೆಯುತ್ತವೆ. ಜನ ಬರಲಿ ಬಿಡಲಿ, ಬಾಡಿಗೆಯನ್ನು ಚಿತ್ರದವರು ಕಟ್ಟಬೇಕು. ಮಲ್ಟಿಪ್ಲೆಕ್ಸ್‌ಗಳಲ್ಲಿ ಶೇಕಡಾವಾರು ಹಂಚಿಕೆ, ಆದರೆ ಸಿಗುವ ಆಟ ಬೆಳಿಗ್ಗೆ ಹತ್ತು ಗಂಟೆಯದು, ಸೋಮವಾರದ ಹೊತ್ತಿಗೆ ಅದೂ ಇಲ್ಲ. ಇದರ ಮೇಲೆ ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರು, ಪತ್ರಿಕಾಗೋಷ್ಠಿ. ಚಿತ್ರ ಮಾಡಲು ತಗಲಿದಷ್ಟೇ ಹಣ ಅದನ್ನು ಒಂದು ವಾರ ತೋರಿಸಲೂ ಬೇಕು. ‘ಲೂಸಿಯಾ’ ಗೆದ್ದದ್ದರಲ್ಲಿ ಆ 110 ಜನರ ಹಣದಷ್ಟೇ ಅವರ ಬಾಯಿಯೂ ಕೆಲಸ ಮಾಡಿತೆಂದು ನಾನು ನಂಬುತ್ತೇನೆ. ತಾವು ಹಣ ಹಾಕಿದ ಚಿತ್ರದ ಬಗ್ಗೆ ಒಬ್ಬೊಬ್ಬರೂ ನೂರು ಜನರಿಗೆ ಹೇಳದೆ ಇರಲಾರರು. ಲಂಡನ್ನಿನ ಪ್ರಶಸ್ತಿಯ ಸುದ್ದಿಯೂ ನೆರವಾಯಿತು. ನಮಗೆ ಅಂಥ ಯಾವ ಸುದ್ದಿಯೂ ಇರಲಿಲ್ಲ. ಒಟಿಟಿಯವರು ಕನ್ನಡದ ಸಣ್ಣ ಚಿತ್ರಗಳನ್ನು ಕೊಳ್ಳುವುದು ವಿರಳ. ಒಂದು ಸಂಸ್ಥೆಯವರು ಮಿಂಚಂಚೆಗೆ ಉತ್ತರವನ್ನೂ ಕೊಡಲಿಲ್ಲ.

ಕೊನೆಗೆ ನಾವು ಮಾಡಿದ್ದು ಹೀಗೆ. ಪಟ್ಟಿ ಬಿಚ್ಚಿ, ಕೊಟ್ಟವರು ಯಾವ ಯಾವ ಊರಿನವರೆಂದು ನೋಡಿದೆವು. ಬೆಂಗಳೂರು ಬಿಟ್ಟರೆ ಮೈಸೂರು, ಶಿವಮೊಗ್ಗ, ಸಾಗರ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ನಾಲ್ಕಾರು ಹೆಸರುಗಳಿದ್ದವು. ಆ ಊರುಗಳಲ್ಲಿ ಅವರನ್ನೇ ಕೇಳಿ, ಶಾಲೆಯ ಸಭಾಂಗಣವೋ ಸಂಘದ ಕಟ್ಟಡವೋ ಹಿಡಿದು, ಬಾಡಿಗೆಯ ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸಿದೆವು. ಬಾಗಿಲಲ್ಲಿ ಒಂದು ಡಬ್ಬಿ ಇಟ್ಟೆವು. ಪೆಟ್ರೋಲ್ ಖರ್ಚು ಹುಟ್ಟಿತು, ಸಾಗರದಲ್ಲಿ ಮಾತ್ರ ಸ್ವಲ್ಪ ಮಿಕ್ಕಿತು. ಜಾನ್ ಅಬ್ರಹಾಂ ಅವರ ಹೆಸರನ್ನೂ ಕೇಳಿರದ ನನ್ನ ಗೆಳೆಯ, ಬೇರೆ ದಾರಿಯಿಲ್ಲದೆ ಅವರ ದಾರಿಯಲ್ಲೇ ನಡೆದಿದ್ದ.

ದಾವಣಗೆರೆಯ ಪ್ರದರ್ಶನವನ್ನು ಏರ್ಪಡಿಸಿದವರು ಆ ಶಿಕ್ಷಕಿಯೇ. ತಾವು ಮೂವತ್ತು ವರ್ಷ ಪಾಠ ಮಾಡಿದ ಶಾಲೆಯ ಮಹಡಿಯ ಕೋಣೆಯನ್ನು ಬಿಡಿಸಿಕೊಟ್ಟು, ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿ, ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದರು. ಎಪ್ಪತ್ತು ಜನ ಬಂದಿದ್ದರು. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದಾಗ ಯಾರೋ ದೀಪ ಹಾಕಲು ಹೋದರು, ಅವರು ತಡೆದರು. 263 ಹೆಸರುಗಳೂ ಹೋಗಿ ಮುಗಿಯುವವರೆಗೆ ಕೋಣೆ ಕತ್ತಲಲ್ಲೇ ಇತ್ತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ನನ್ನ ಇನಿಷಿಯಲ್ ತಪ್ಪಾಗಿದೆಯಲ್ಲಪ್ಪ.”

ನಾನು ಪಟ್ಟಿ ನೋಡಿದೆ. ತಪ್ಪು ನನ್ನದೇ, ಮೊಮ್ಮಗನ ಖಾತೆಯಿಂದ ಬಂದ ಹಣವಾದ್ದರಿಂದ ಅವನ ಇನಿಷಿಯಲ್ ಅನ್ನೇ ಇವರ ಹೆಸರಿನ ಮುಂದೆ ಬರೆದಿದ್ದೆ. ಕ್ಷಮಿಸಿ ಮೇಡಂ, ಹೆಸರಂತೂ ಸರಿಯಾಗಿ ಬಂದಿದೆ ಎಂದೆ.

“ಹೆಸರು ತಪ್ಪಿದ್ದರೂ ಸುಮ್ಮನಿರುತ್ತಿದ್ದೆ. ಇನಿಷಿಯಲ್ಲು ನಮ್ಮಪ್ಪಂದು.”

ಯೂಟ್ಯೂಬಿಗೆ ಹಾಕುವ ಪ್ರತಿಯಲ್ಲಿ ಆ ಒಂದು ಅಕ್ಷರ ತಿದ್ದಿಸಲು ಎಡಿಟಿಂಗ್ ಮಾಡಿದ ಹುಡುಗ ಮತ್ತೆ ಎರಡು ಸಾವಿರ ಕೇಳಿದ. ಕೊಟ್ಟು, ಲೆಕ್ಕದ ಕೊನೆಯ ಸಾಲಿನಲ್ಲಿ ಬರೆದೆ.